ಎರಡನೇ ಮಹಡಿಯ ಬೆಚ್ಚಗಿನ ಕೋಣೆ

ಸಂಜೆ ಆರು ಗಂಟೆಗೆ ರಮೀರೋನ ಮನೆಯ ಒಳಕೋಣೆಯಲ್ಲಿ ಗಡಿಯಾರದ ಸ್ವಿಚ್ಚು ಟಕ್ ಎಂದಿತು. ಆರೂವರೆಗೆ ಇಡೀ ಬೀದಿಯ ಕರೆಂಟು ಹೋಯಿತು. ಜನವರಿ ಶುರುವಾದಾಗಿನಿಂದ ವಾರದಲ್ಲಿ ನಾಲ್ಕೈದು ದಿನ ಇದೇ ಕಥೆ. ಸ್ಪೇನಿನ ಗ್ರಾನಾಡಾದ ಉತ್ತರದ ಅಂಚಿನಲ್ಲಿರುವ ನಮ್ಮ ಬಡಾವಣೆಯ ಜನ ಇದಕ್ಕೆ ಗಾಬರಿಯಾಗುವುದನ್ನೇ ಬಿಟ್ಟಿದ್ದರು. ಬಾಲ್ಕನಿಗಳಲ್ಲಿ ನಿಂತು ಕರೆಂಟು ಕಂಪನಿಯವರನ್ನು ಒಂದಿಷ್ಟು ಬೈಯುತ್ತಿದ್ದರು, ಆಮೇಲೆ ಒಳಗೆ ಹೋಗಿ ಮೇಣದ ಬತ್ತಿ ಹಚ್ಚುತ್ತಿದ್ದರು.

ರಮೀರೋ ಟಾರ್ಚು ಹಿಡಿದು ಎರಡನೇ ಮಹಡಿಯಿಂದ ನೆಲಮಹಡಿಗೆ ಇಳಿದ. ಅಲ್ಲಿ ಬಾಸಿಲಿಸಾ ಇದ್ದಳು. ಎಂಬತ್ತೊಂದು ವರ್ಷದ ಒಂಟಿ ಹೆಂಗಸು, ತೀರಿಹೋದ ಅವನ ತಾಯಿಯ ಗೆಳತಿ. ತಾಯಿ ಹೋಟೆಲುಗಳ ನೆಲ ಒರೆಸಲು ಹೋಗುತ್ತಿದ್ದ ಕಾಲದಲ್ಲಿ ಅವನಿಗೆ ಉಣ್ಣಿಸಿ, ಮೂಗು ಒರೆಸಿ ದೊಡ್ಡವನನ್ನು ಮಾಡಿದ್ದು ಇವಳೇ.

"ಚಿಕ್ಕಮ್ಮ, ನಾನು ರಮೀರೋ. ಹೆದರ್ಕೋಬೇಡಿ."

"ಹೆದರೋ ವಯಸ್ಸು ದಾಟಿ ಎಷ್ಟು ಕಾಲ ಆಯ್ತೋ. ಕಾಲು ಮರಗಟ್ಟಿದೆ, ಅಷ್ಟೇ. ಆ ಕಂಪನಿಯವರ ಕೈ ಸೇದಿಹೋಗ."

ಅವಳು ದುಂಡು ಮೇಜಿನ ಮುಂದೆ ಕೂತಿದ್ದಳು. ಮೇಜಿಗೆ ಹೊದಿಸಿದ ದಪ್ಪ ಬಟ್ಟೆ ನೆಲದವರೆಗೂ ಇಳಿಬಿದ್ದಿತ್ತು. ನಮ್ಮಲ್ಲಿ ಚಳಿಗಾಲವನ್ನು ಕಳೆಯುವುದೇ ಹೀಗೆ, ಆ ಬಟ್ಟೆಯನ್ನು ಮಂಡಿಯ ಮೇಲೆ ಎಳೆದುಕೊಂಡು, ಮೇಜಿನಡಿಯ ಹೀಟರಿಗೆ ಕಾಲು ಚಾಚಿಕೊಂಡು. ರಮೀರೋ ಬಗ್ಗಿ ಹೀಟರನ್ನು ಮುಟ್ಟಿ ನೋಡಿದ. ಕಲ್ಲಿನ ಹಾಗೆ ತಣ್ಣಗಿತ್ತು.

"ಅಮ್ಮನ ಹಳೇ ಅಗ್ಗಿಷ್ಟಿಕೆ ನಮ್ಮನೇಲಿದೆ, ಹಿತ್ತಾಳೇದು," ಅಂದ. "ನಾಳೆ ಇದ್ದಿಲು ತಂದು ಹೊತ್ತಿಸಿ ಕೊಡ್ತೀನಿ. ಕಂಪನಿಯವರ ಹಂಗೇ ಬೇಡ."

"ನಿನ್ನ ಹೊಟ್ಟೆ ತಣ್ಣಗಿರಲಿ. ಕಿಟಕಿ ಹಾಕ್ಕೊಟ್ಟೆ, ಈಗ ಬೆಂಕೀನೂ ಕೊಡ್ತೀಯ. ಹೆತ್ತ ಮಗ ಇದ್ದಿದ್ರೂ ಇಷ್ಟು ಮಾಡ್ತಿರಲಿಲ್ಲ."

ಕಿಟಕಿಯ ಮಾತು ನಿಜ. ರಮೀರೋ ಅಲ್ಯೂಮಿನಿಯಂ ಕಿಟಕಿ ಕೂರಿಸುವ ಕೆಲಸದವನು. ಮಂಡಿ ಕೆಟ್ಟು ಕೆಲಸ ತಪ್ಪುವ ಮೊದಲು ಆ ಕೈಗೆ ಒಳ್ಳೆಯ ಹೆಸರಿತ್ತು. ಬಾಸಿಲಿಸಾಳ ಮನೆಯ ಹಳೆಯ ಮರದ ಕಿಟಕಿ ಕಿತ್ತು, ಜೋಡಿ ಗಾಜಿನ ಹೊಸ ಕಿಟಕಿಯನ್ನು ಕಳೆದ ಶರತ್ಕಾಲದಲ್ಲಿ ಬಿಟ್ಟಿಯಾಗಿ ಹಾಕಿಕೊಟ್ಟಿದ್ದ. ಒಂದು ಕೂದಲು ತೂರುವಷ್ಟೂ ಸಂದಿ ಬಿಟ್ಟಿರಲಿಲ್ಲ.

ಆ ಕಿಟಕಿಯ ದುಡ್ಡು ಎಲ್ಲಿಂದ ಬಂತು ಎಂದು ಅವಳು ಕೇಳಿರಲಿಲ್ಲ. ಅದು ಬಂದದ್ದು ತಾಯಿಯ ಕೋಣೆಯಿಂದ. ತಾಯಿ ತೀರಿಕೊಂಡ ಮೇಲೆ ಖಾಲಿ ಬಿದ್ದಿದ್ದ ಆ ಕೋಣೆಯಲ್ಲಿ ರಮೀರೋ ಗಾಂಜಾ ಬೆಳೆಯುತ್ತಿದ್ದ. ದಾರಿ ತೋರಿಸಿದವನು ಮೂರನೇ ಮಹಡಿಯ ನಿಕಾಸಿಯೋ. ಒಂದು ಕಾಲಕ್ಕೆ ಲೈನ್‌ಮನ್ ಆಗಿದ್ದವನು, ಈಗ ಮೀಟರು ತಪ್ಪಿಸಿ ಬೀದಿಯ ತಂತಿಗೆ ಕೊಕ್ಕೆ ಹಾಕಿಕೊಡುವುದೇ ಅವನ ಕಸುಬು. ಮೊದಲ ಬೆಳೆ ಎಂಟು ವಾರದಲ್ಲಿ ಮುಗಿದಿತ್ತು. ಎರಡನೆಯದಕ್ಕೆ ನಿಕಾಸಿಯೋ ಬೇರೆ ಸಸಿ ತಂದುಕೊಟ್ಟ.

"ಇದು ಸಟೈವಾ ಅನ್ನೋ ಗಾಂಜಾ ಜಾತೀದು, ಮಿಶ್ರತಳಿ ಕಣೋ. ಒಂಟೆ ಥರ ಎತ್ತರ ಹೋಗುತ್ತೆ. ಹೂ ಬಲಿಯೋಕೆ ಹನ್ನೆರಡು ವಾರ ಬೇಕು, ಅವಸರ ಮಾಡಿದ್ರೆ ಕಸ. ಆದ್ರೆ ಹೊರದೇಶದವರು ಇದನ್ನೇ ಹುಡುಕ್ಕೊಂಡು ಬರ್ತಾರೆ."

ಗಿಡಗಳು ಹೇಳಿದ ಹಾಗೇ ಬೆಳೆದವು. ತಲೆ ಚಾವಣಿಗೆ ತಾಗಿತು. ರಮೀರೋ ಅವುಗಳ ಕುತ್ತಿಗೆ ಬಗ್ಗಿಸಿ ದಾರದಿಂದ ಕಟ್ಟಿದ. ತಾಯಿಯ ಮಂಚವಿದ್ದ ಜಾಗದಲ್ಲಿ, ಗಡಿಯಾರದ ಸ್ವಿಚ್ಚು ಸಂಜೆ ಆರಕ್ಕೆ ಹೊತ್ತಿಸುವ ನಾಲ್ಕು ದೊಡ್ಡ ದೀಪಗಳ ಕೆಳಗೆ, ಅವು ಬೆನ್ನು ಬಾಗಿಸಿ ನಿಂತಿದ್ದವು. ವಾಸನೆ ಹೊರಗೆ ಹೋಗದಂತೆ ಹಾಕಿದ್ದ ಫ್ಯಾನು ಹಗಲಿರುಳು ಗುಂಯ್ ಎನ್ನುತ್ತಿತ್ತು. ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟರೆ ಇನ್ನೂ ಎರಡು ಬಾಗಿಲುಗಳ ಹಿಂದೆ ಅದೇ ಸದ್ದು ಕೇಳುತ್ತಿತ್ತು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಅವನ ಹೆಂಡತಿ ಎಂಗ್ರಾಸಿಯಾ ಮಾತ್ರ ಬಾಯಿ ಮುಚ್ಚಿಕೊಂಡಿರುವ ಹೆಂಗಸಲ್ಲ.

"ಗಿಡದ ಮೇಲಲ್ಲ ನನ್ನ ಜಗಳ, ಆ ಕದ್ದ ತಂತಿ ಮೇಲೆ. ನಿನ್ನ ದೀಪ ಹತ್ತಿದ ಅರ್ಧ ಗಂಟೆಗೆ ಬೀದಿ ಕತ್ತಲಾಗುತ್ತೆ. ಲೆಕ್ಕ ಬರಲ್ವಾ ನಿನಗೆ?"

"ಇಡೀ ಬೀದಿ ಕದೀತಿದೆ. ನನ್ನ ನಾಲ್ಕು ದೀಪದಿಂದಲೇ ಊರು ಮುಳುಗುತ್ತಾ?"

"ಎಲ್ಲರೂ ಇದೇ ಮಾತು ಆಡ್ತಿದಾರೆ. ಅದಕ್ಕೇ ಮುಳುಗ್ತಿದೆ."

"ಸರಿ, ಹಾಗಾದ್ರೆ ನೀನೇ ಹೇಳು. ಈ ಮಂಡಿ ಇಟ್ಕೊಂಡು ಕಿಟಕಿ ಹೊತ್ತು ಐದು ಮಹಡಿ ಹತ್ತು ಅಂತ ಯಾರು ಕರೀತಾರೆ ನನ್ನನ್ನ? ನೀನೊಬ್ಬಳೇ ದುಡಿದು ಸೊರಗೋದನ್ನ ನೋಡ್ತಾ ಕೂರ್ಲಾ? ಇನ್ನು ನಾಲ್ಕು ವಾರ, ಎಂಗ್ರಾಸಿಯಾ. ಆಮೇಲೆ ಕಿತ್ತೆಸೀತೀನಿ."

ಎಂಗ್ರಾಸಿಯಾಳ ಕೈ ಸೋಪಿನ ನೀರಿಗೆ ಬಿರಿದು ಹೋಗಿತ್ತು, ಅದನ್ನೇ ನೋಡಿಕೊಂಡಳು.

ಆ ಭಾನುವಾರ ಮಧ್ಯಾಹ್ನ ಬೀದಿಯವರೆಲ್ಲ ಚರ್ಚಿನ ಮುಂದೆ ಸೇರಿ, ಬಾಣಲೆ ತಟ್ಟೆ ಬಡಿದು ಕಂಪನಿಯ ವಿರುದ್ಧ ಕೂಗಿದರು. ರಮೀರೋನೂ ಹೋಗಿದ್ದ. ಎಲ್ಲರಿಗಿಂತ ಜೋರಾಗಿ ಬಾಣಲೆ ಬಡಿದವನು ಅವನೇ. "ನಮ್ಮ ಮುದುಕರನ್ನ ಚಳಿಗೆ ಸಾಯಿಸ್ತೀರಾ" ಎಂದು ಗಂಟಲು ಹರಿದುಕೊಂಡ. ಅಷ್ಟರಲ್ಲಿ ಹಿಂದಿನಿಂದ ಯಾರೋ ಹೆಂಗಸು, "ಕಂಪನಿಯವರದ್ದು ತಪ್ಪಿರಬಹುದು, ಆದ್ರೆ ಕೆಲವರು ಮನೆಯೊಳಗೇ ತೋಟ ಮಾಡ್ಕೊಂಡಿದಾರಲ್ಲ, ಅದರ ಬಗ್ಗೆಯೂ ಒಂದು ಮಾತು ಆಡಿ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ರಮೀರೋ ತನ್ನ ಕೋಟಿನ ತೋಳನ್ನು ಮೂಸಿ ನೋಡಿಕೊಂಡ. ಬಾಣಲೆಗಳ ಸದ್ದು ಒಂದು ಕ್ಷಣ ತಗ್ಗಿತು, ಮತ್ತೆ ಮೊದಲಿಗಿಂತ ಜೋರಾಯಿತು.

ಬುಧವಾರ ಎಂದಿನಂತೆ ಆರೂವರೆಗೆ ಕರೆಂಟು ಹೋಯಿತು. ರಮೀರೋ ಆಗಲೇ ಬಾಸಿಲಿಸಾಳ ಅಗ್ಗಿಷ್ಟಿಕೆಗೆ ಇದ್ದಿಲು ತುಂಬಿಸಿ, ತನ್ನ ಬಾಲ್ಕನಿಯಲ್ಲಿ ಕೆಂಡ ಮಾಡಿ, ಮೇಜಿನಡಿ ಇಟ್ಟುಕೊಟ್ಟು ಬಂದಿದ್ದ. ಏಳೂವರೆ ಹೊತ್ತಿಗೆ ಎಂಗ್ರಾಸಿಯಾ ಕಡಲೆ ಸಾರನ್ನು ಪಾತ್ರೆಯಲ್ಲಿ ಹಾಕಿ, ಕೆಳಗೆ ಕೊಟ್ಟು ಬಾ ಎಂದಳು.

ಅವನು ಬಾಗಿಲು ತಟ್ಟಿದ. ಉತ್ತರ ಬರಲಿಲ್ಲ. ಕರೆದ. ಒಳಗಿನಿಂದ ಕೆಮ್ಮೂ ಕೇಳಲಿಲ್ಲ. ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಭುಜ ಕೊಟ್ಟು ದೂಡಿದ. ಮೂರನೇ ಸಲಕ್ಕೆ ಚಿಲಕ ಕಿತ್ತು ಬಂತು. ಬಾಸಿಲಿಸಾ ಮೇಜಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದಳು. ಟಾರ್ಚಿನ ಬೆಳಕಿನಲ್ಲಿ ಅವಳ ಮುಖ ಕೆಂಪಗೆ, ಮದುಮಗಳ ಮುಖದ ಹಾಗೆ ಆರೋಗ್ಯವಾಗಿ ಕಂಡಿತು. ಇದ್ದಿಲ ವಿಷ ಏರಿದರೆ ಮುಖ ಹೀಗೆ ಕೆಂಪಾಗುತ್ತದೆ ಎಂದು ತಾಯಿ ಹೇಳುತ್ತಿದ್ದದ್ದು ಅವನಿಗೆ ಆಗ ನೆನಪಾಯಿತು. ಕಿಟಕಿ ತೆರೆದು, ಅವಳನ್ನು ಎತ್ತಿಕೊಂಡು ಬೀದಿಗೆ ಓಡಿದ. ಮಂಡಿಯ ನೋವು ನೆನಪಿಗೇ ಬರಲಿಲ್ಲ.

ಅಗ್ನಿಶಾಮಕದವರು ಬಂದರು. ಆಂಬುಲೆನ್ಸಿನವರು ಅವಳ ಮೂಗಿಗೆ ಆಮ್ಲಜನಕ ಹಿಡಿದು ಕರೆದೊಯ್ದರು. ಉಸಿರಿದೆ, ಬದುಕುತ್ತಾರೋ ಇಲ್ಲವೋ ನಾಳೆ ಗೊತ್ತಾಗುತ್ತದೆ ಎಂದರು. ನರೆತ ಮೀಸೆಯ ಅಗ್ನಿಶಾಮಕದವನೊಬ್ಬ ಮನೆಯೆಲ್ಲ ನೋಡಿಕೊಂಡು ಹೊರಬಂದ.

"ಕಿಟಕಿ ಹೊಸದಾ?"

"ಹೌದು," ಅಂದ ರಮೀರೋ. "ನಾನೇ ಹಾಕಿದ್ದು."

"ಒಳ್ಳೇ ಕೆಲಸ. ಅದೇ ತೊಂದರೆ ಆಗಿದ್ದು. ಹಳೇ ಮರದ ಕಿಟಕಿ ಇದ್ದಿದ್ರೆ ಇದ್ದಿಲ ವಿಷ ಸಂದೀಲಿ ಹೊರಗೆ ಹೋಗ್ತಿತ್ತು. ನಮ್ಮಜ್ಜಿಯರು ಅಗ್ಗಿಷ್ಟಿಕೆ ಇಟ್ಕೊಂಡು ಬದುಕಿದ್ದು ಮನೆ ತುಂಬ ತೂತು ಇದ್ದಿದ್ದರಿಂದ. ಅದಿರಲಿ, ಮೇಜಿನ ಪಕ್ಕದಲ್ಲೇ ಕರೆಂಟಿನ ಹೀಟರಿದೆ. ಇದ್ದಿಲು ಯಾಕೆ ಹೊತ್ತಿಸಿದ್ರು?"

"ಕರೆಂಟಿದ್ರೆ ತಾನೆ," ಎಂದರು ಗುಂಪಿನಲ್ಲಿ ಯಾರೋ.

ಅದೇ ಹೊತ್ತಿಗೆ ಕರೆಂಟು ಬಂತು. ಮೆಟ್ಟಿಲ ದೀಪ ಹತ್ತಿತು. ಮೇಲೆ ಒಂದು ಫ್ಯಾನು ಗುಂಯ್ ಎಂದಿತು, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಅಗ್ನಿಶಾಮಕದವನು ತಲೆಯೆತ್ತಿ ಆಲಿಸಿದ. ರಮೀರೋನ ಮುಖವನ್ನು ನೋಡಿದ. ಕೈಗವಸು ಕಳಚಿಕೊಂಡು ಗಾಡಿ ಹತ್ತಿದ.

ಬಾಸಿಲಿಸಾ ಬದುಕಿದಳು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಆ ಒಂಬತ್ತು ದಿನವೂ ಆರು ಗಂಟೆಗೆ ಸ್ವಿಚ್ಚು ಟಕ್ ಎನ್ನುತ್ತಲೇ ಇತ್ತು ಎಂದರೆ ನೀವು ರಮೀರೋನನ್ನು ಬೈದೀರಿ. ಬೈಯಿರಿ, ಎಂಗ್ರಾಸಿಯಾಳೂ ಬೈದಳು. ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ. ದಿನಾ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗುತ್ತಿದ್ದ, ಹಾಸಿಗೆಯ ಪಕ್ಕ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ, ಸಂಜೆ ಬಂದು ಗಿಡಗಳಿಗೆ ನೀರು ಹಾಕುತ್ತಿದ್ದ. "ಇನ್ನು ಎರಡೂವರೆ ವಾರ," ಎಂದು ನಿಕಾಸಿಯೋ ಮೆಟ್ಟಿಲ ಮೇಲೆ ಭುಜ ತಟ್ಟಿದ. "ಈಗ ಕಿತ್ರೆ ಮುದುಕಿಗೇನು ಸಿಗುತ್ತೆ? ಬೆಳೆ ಬಂದ ಮೇಲೆ ಒಂದು ಒಳ್ಳೇ ಹೀಟರ್ ತೆಗೆದುಕೊಡು."

ಶುಕ್ರವಾರ ಸಂಜೆ ಬಾಸಿಲಿಸಾ ಮನೆಗೆ ಬಂದಳು. ಅಕ್ಕಪಕ್ಕದವರು ಬಾಗಿಲಲ್ಲಿ ನೆರೆದರು. ಅವಳ ಮಾತು ಸ್ವಲ್ಪ ತೊದಲುತ್ತಿತ್ತು, ಕೈ ನಡುಗುತ್ತಿತ್ತು. ಆದರೂ ಎಲ್ಲರ ಮುಂದೆ ರಮೀರೋನ ಕೆನ್ನೆ ಹಿಡಿದು ಹೇಳಿದಳು.

"ಈ ಕಟ್ಟಡದಲ್ಲಿ ದೇವರಂಥ ಮನುಷ್ಯ ಅಂದ್ರೆ ಇವನೊಬ್ಬ. ಬಾಗಿಲು ಮುರಿದು ನನ್ನನ್ನ ಎತ್ಕೊಂಡು ಓಡಿದ. ಇವನಿಲ್ಲದಿದ್ರೆ ನಾನು ಇವತ್ತು ಮಣ್ಣಲ್ಲಿರ್ತಿದ್ದೆ."

ನೆರೆದವರು ಚಪ್ಪಾಳೆ ತಟ್ಟಿದರು. ನಿಕಾಸಿಯೋನೂ ತಟ್ಟಿದ. ರಮೀರೋನಿಗೆ ಆ ಚಪ್ಪಾಳೆ ತಡೆಯಲಾಗಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದ. ಜನ ಚದುರಿದ ಮೇಲೆ ಕೆಳಗೆ ಕೂತು ಅವಳ ಚಪ್ಪಲಿಯ ಪಟ್ಟಿ ಬಿಗಿಸಿದ.

"ಚಿಕ್ಕಮ್ಮ, ಮೇಲೆ ಬರೋಕಾಗುತ್ತಾ? ಒಂದು ತೋರಿಸಬೇಕು."

ಎರಡು ಮಹಡಿ ಹತ್ತಲು ಹತ್ತು ನಿಮಿಷ ಹಿಡಿಯಿತು. ಮೇಲೆ ತಲುಪುವ ಹೊತ್ತಿಗೆ ಆರು ದಾಟಿತ್ತು. ಅವನು ತಾಯಿಯ ಕೋಣೆಯ ಬಾಗಿಲು ತೆರೆದ. ಹಳದಿ ಬೆಳಕು ಹೊರಗೆ ಸುರಿಯಿತು, ಘಾಟು ಮುಖಕ್ಕೆ ಬಡಿಯಿತು. ಬಾಸಿಲಿಸಾ ಹೊಸ್ತಿಲಲ್ಲೇ ನಿಂತಳು. ಬಾಗಿದ ಗಿಡಗಳನ್ನು, ದೀಪಗಳನ್ನು, ಗೋಡೆಯೊಳಗೆ ತೂರಿದ ದಪ್ಪ ತಂತಿಯನ್ನು ಒಂದೊಂದಾಗಿ ನೋಡಿದಳು. ಅವಳೇನು ದಡ್ಡಿಯಲ್ಲ. ಬೀದಿಯಲ್ಲಿ ಆಡುವ ಮಾತುಗಳೆಲ್ಲ ಅವಳ ಕಿವಿಗೂ ಬಿದ್ದಿದ್ದವು. ಶಾಲನ್ನು ನಿಧಾನವಾಗಿ ಭುಜದಿಂದ ಇಳಿಸಿದಳು.

"ಎಷ್ಟು ಬೆಚ್ಚಗಿದೆಯೋ ಇಲ್ಲಿ," ಎಂದಳು.

ರಮೀರೋ ಹೋಗಿ ಸ್ವಿಚ್ಚು ಆರಿಸಿದ. ತಂತಿಯನ್ನು ಎರಡೂ ಕೈಯಿಂದ ಹಿಡಿದು ಎಳೆದ. ಫ್ಯಾನು ನಿಂತ ಮೇಲೆ ಕಿವಿ ಕಿವುಡಾದಷ್ಟು ನಿಶ್ಶಬ್ದವಾಯಿತು. "ಕೈ ಕೊಡಿ ಚಿಕ್ಕಮ್ಮ, ಇಳಿಸ್ತೀನಿ," ಎಂದು ಕೈ ಚಾಚಿದ. ಅವಳು ಮೆಟ್ಟಿಲ ಕಂಬಿಯನ್ನು ಹಿಡಿದುಕೊಂಡಳು. ಒಂದೊಂದೇ ಮೆಟ್ಟಿಲು ಇಳಿದಳು. ಅವನು ಎರಡು ಮೆಟ್ಟಿಲು ಹಿಂದೆ ಇಳಿದ.

ಮರುದಿನ ಬೆಳಗ್ಗೆ ಗಂಡ ಹೆಂಡಿರು ಗಿಡಗಳನ್ನು ಕಿತ್ತು ಚೀಲಗಳಿಗೆ ತುಂಬಿದರು. ಎಂಗ್ರಾಸಿಯಾ ಕೋಣೆಯ ಕಿಟಕಿಗಳನ್ನು ತೆರೆದು ನೆಲ ಉಜ್ಜಿದಳು. ಆದರೆ ಅಂದು ಸಂಜೆಯೂ ಆರೂವರೆಗೆ ಕರೆಂಟು ಹೋಯಿತು. ಒಬ್ಬ ನಿಲ್ಲಿಸಿದ ಮಾತ್ರಕ್ಕೆ ಬೀದಿ ನಿಲ್ಲುತ್ತದೆಯೇ?

ರಮೀರೋ ಕಂಬಳಿ ಹಿಡಿದು ಕೆಳಗಿಳಿದು ಬಾಗಿಲು ತಟ್ಟಿದ.

"ಯಾರು?"

"ರಮೀರೋ."

ಚಪ್ಪಲಿ ಎಳೆಯುವ ಸದ್ದು ಬಾಗಿಲವರೆಗೆ ಬಂದು ನಿಂತಿತು. ಆಮೇಲೆ ಬಾಗಿಲು ತೆರೆಯಿತು. ಬಾಸಿಲಿಸಾ ಕೋಟು ಹಾಕಿಕೊಂಡೇ ನಿಂತಿದ್ದಳು. ಅವಳ ಬಾಯಿಂದ ಹಬೆ ಬರುತ್ತಿತ್ತು.

"ಅಂಥ ಕೋಣೆ ಇನ್ನೂ ಯಾರ್ಯಾರ ಮನೇಲಿದೆ ಅಂತ ನಿನಗೆ ಗೊತ್ತಲ್ಲ?"

"ಗೊತ್ತು, ಚಿಕ್ಕಮ್ಮ."

"ಪೊಲೀಸರನ್ನ ಕರಿ ಅಂತ ನಾನು ಹೇಳಲ್ಲ. ಅವರನ್ನೆಲ್ಲ ಇಲ್ಲಿಗೆ ಕರ್ಕೊಂಡು ಬಾ. ಕುರ್ಚಿ ಇದಾವೆ. ಕರೆಂಟು ಬರೋವರೆಗೆ ನನ್ನ ಜೊತೆ ಈ ಮೇಜಿನ ಹತ್ರ ಕೂತಿರಲಿ."

ರಮೀರೋ ಕಂಬಳಿಯನ್ನು ಅವಳ ಕೈಗೆ ಕೊಟ್ಟ. ಕತ್ತಲಲ್ಲಿ ಕಂಬಿ ಹಿಡಿದು ಮೂರು ಮಹಡಿ ಹತ್ತಿ, ನಿಕಾಸಿಯೋನ ಬಾಗಿಲು ತಟ್ಟಿದ.