ಬಂದವನು ಯಾರೆಂದು ಹೇಳಲಿಲ್ಲ

ಆಸ್ಪತ್ರೆಯ ಲಾಂಡ್ರಿಯಲ್ಲಿ ಬಿಸಿನೀರಿನ ಪೈಪು ಒಡೆದು ಬಲಗೈ ಬೆಂದ ಮೇಲೆ ಅವಳಿಗೆ ಸರ್ಕಾರದ ಭತ್ಯೆ ಶುರುವಾಯಿತು. ಜೊತೆಗೆ ಸರ್ಕಾರಿ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಹಾಸಿಗೆ ಹಿಡಿದ ತಾಯಿಯನ್ನೂ ಅಲ್ಲಿಗೇ ಕರೆತಂದಳು. ಭತ್ಯೆಯವರೇ ತುಂಬಿದ್ದ ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಲಾಂಡ್ರಿ ಅಕ್ಕ ಎನ್ನುತ್ತಿದ್ದರು.

ಬೇಸಿಗೆಯಲ್ಲಿ ಪ್ರತಿ ಮಹಡಿಗೂ ಕ್ಯಾಮೆರಾ ಬಂತು. ಕಳ್ಳರ ಕಾಟಕ್ಕೆ ಎಂದರು. ಆದರೆ ಅದರ ಮೂತಿ ಮೆಟ್ಟಿಲ ಕಡೆಗಿರಲಿಲ್ಲ, ಬಾಗಿಲುಗಳ ಕಡೆಗಿತ್ತು.

ಒಂದು ಮಧ್ಯಾಹ್ನ ತಪಾಸಣೆಯ ಅಧಿಕಾರಿ ಬಂದ. "ಒಬ್ಬ ಗಂಡಸು ನಿಮ್ಮನೆಗೆ ಪದೇ ಪದೇ ಬರ್ತಿದ್ದಾನೆ, ಉಳ್ಕೊಂಡೂ ಹೋಗ್ತಾನೆ. ಮನೇಲಿ ದುಡಿಯೋ ಗಂಡಸಿದ್ರೆ ಭತ್ಯೆ ಇಲ್ಲ. ಯಾರಮ್ಮ ಅವನು?"

ಬರುತ್ತಿದ್ದವನು ಅವಳ ತಮ್ಮ, ಲಾರಿ ಡ್ರೈವರ್. ಒಂದೇ ಕೈಯಲ್ಲಿ ತಾಯಿಯನ್ನು ಎತ್ತಿ ಸ್ನಾನಕ್ಕೆ ಕೂರಿಸಲು ಅವಳಿಂದ ಆಗುತ್ತಿರಲಿಲ್ಲವೆಂದು ಬರುತ್ತಿದ್ದ. ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅಧಿಕಾರಿ ಅವಳ ಹೆಗಲ ಮೇಲಿಂದ ಕತ್ತು ಚಾಚಿ ಒಳಗೆ ನೋಡಿದ. ಹಾಸಿಗೆಯಲ್ಲಿ ತಾಯಿ ಜಾರಿದ ಹೊದಿಕೆಯನ್ನು ಎಳೆದುಕೊಳ್ಳಲಾರದೆ ಮಲಗಿದ್ದಳು.

"ಹೇಳಲ್ಲ," ಎಂದಳು.

"ಹೇಳದಿದ್ರೆ ಭತ್ಯೆ ನಿಲ್ಲುತ್ತೆ."

"ನೀವು ಭತ್ಯೆ ಕೊಟ್ಟಿದ್ದು ಬೆಂದ ಕೈಗೆ. ಅದಕ್ಕೆ ನನ್ನ ಮನೇನ ಬರೆದುಕೊಟ್ಟಿಲ್ಲ." ಬಾಗಿಲು ಹಾಕಿಬಿಟ್ಟಳು.

ತಾಯಿಗೆ ರೇಗಿತು. "ತಮ್ಮ ಅಂದಿದ್ರೆ ಮುಗೀತಿತ್ತಲ್ಲೇ! ಬಾಯಿಗೇನು ಬೀಗ ಬಿದ್ದಿತ್ತಾ?"

"ನನ್ನದು ಮುಗೀತಿತ್ತಮ್ಮ. ಎದುರುಮನೆ ಬೇಕರಿ ಹುಡುಗೀದು? ಅವಳ ಹತ್ರ ಬರೋನು ತಮ್ಮ ಅಲ್ಲವಲ್ಲ. ನಾಳೆ ಅವಳ ಬಾಗಿಲಿಗೂ ಹೋಗಿ ಕೇಳಿದ್ರೆ ಅವಳು ಏನು ಹೇಳ್ಬೇಕು?"

ತಾಯಿ ದನಿ ತಗ್ಗಿಸಿ, "ಹುಡುಗ ನೋಡೋಕೆ ಚೆನ್ನಾಗಿದ್ದಾನಾ?" ಎಂದಳು.

ಭತ್ಯೆ ನಿಂತೇ ಹೋಯಿತು. ಅಕ್ಕ ಸ್ಟೂಲು ಹತ್ತಿ ತನ್ನ ಒದ್ದೆ ಒಳಲಂಗವನ್ನು ಕ್ಯಾಮೆರಾದ ಮೇಲೆ ಒಣಹಾಕಿದಳು. ಓಡಿಬಂದ ಕಾವಲುಗಾರ ಅದನ್ನು ತೆಗೆಯಲು ಕೈ ಎತ್ತಿದವನು ಹಾಗೇ ಇಳಿಸಿದ.

"ಅಕ್ಕಾ, ನೀವೇ ತೆಗೀರಿ. ನನಗೆ ಮುಜುಗರ."

"ಬಟ್ಟೆ ಮುಟ್ಟೋಕೆ ನಿನಗೆ ಇಷ್ಟು ಮುಜುಗರ ಆದ್ರೆ, ಹಗಲೂ ರಾತ್ರಿ ನೋಡಿಸ್ಕೊಳ್ಳೋ ನಮಗೆ ಎಷ್ಟಾಗ್ಬೇಕಪ್ಪ?"

ಮರುದಿನ ಬೇಕರಿ ಹುಡುಗಿ ಪಕ್ಕದಲ್ಲಿ ತನ್ನದನ್ನೂ ನೇತುಹಾಕಿದಳು. ವಾರ ಕಳೆಯುವುದರೊಳಗೆ ಯಾವ ಮಹಡಿಯ ಕ್ಯಾಮೆರಾವೂ ಬರಿಮೈಯಲ್ಲಿರಲಿಲ್ಲ.

ಭತ್ಯೆ ಕಚೇರಿಯಿಂದ ಅಕ್ಕನಿಗೆ ಕರೆ ಬಂತು. ಕಟ್ಟಡದ ಹೆಂಗಸರೆಲ್ಲ ಅಕ್ಕನ ಜೊತೆ ಹೊರಟು ಮೇಲಧಿಕಾರಿಯ ಬಾಗಿಲಲ್ಲಿ ಗುಂಪಾಗಿ ನಿಂತರು. ಮೇಲಧಿಕಾರಿ ಕನ್ನಡಕದ ಹೆಂಗಸು, ಗದರಲಿಲ್ಲ.

"ತಪ್ಪು ಮಾಡದವರು ಯಾಕಮ್ಮ ಹೆದರ್ಬೇಕು?"

"ಹೆದರಿದ್ರೆ ಅವತ್ತೇ ಹೇಳ್ತಿದ್ದೆ ಮೇಡಂ. ನಿಮಗೆ ಸಂಬಳ ಕೊಡೋದೂ ಸರ್ಕಾರಾನೇ. ನಿಮ್ಮ ಮನೆ ಬಾಗಿಲಿಗೆ ಯಾರು ಕ್ಯಾಮೆರಾ ಇಟ್ಟಿದ್ದಾರೆ?"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿದಳು.

ತಿಂಗಳಾದ ಮೇಲೆ ಕ್ಯಾಮೆರಾಗಳನ್ನು ಬಿಚ್ಚಿ, ಎರಡನ್ನು ಮಾತ್ರ ಗೇಟಿನ ಬಳಿ ರಸ್ತೆಗೆ ಮುಖ ಮಾಡಿ ಕಟ್ಟಿದರು. ಬೇಕರಿ ಹುಡುಗಿಯ ತಂಟೆಗೆ ಯಾರೂ ಹೋಗಲಿಲ್ಲ. ಅಕ್ಕನ ಭತ್ಯೆ ಮಾತ್ರ ವಿಚಾರಣೆಯಲ್ಲೇ ಉಳಿಯಿತು. ಆ ಹುಡುಗಿಯೇ ಮಾಲೀಕನಿಗೆ ಹೇಳಿದ್ದರಿಂದ ಅಕ್ಕನಿಗೆ ಬೇಕರಿಯಲ್ಲಿ ಬ್ರೆಡ್ಡು ಸುತ್ತುವ ಕೆಲಸ ಸಿಕ್ಕಿತು. ಎಡಗೈಯಲ್ಲಿ ನಿಧಾನ, ಆದರೂ ಮನೆ ನಡೆಯುತ್ತಿತ್ತು.

ವಿಚಾರಣೆಗೆ ಹೋದಾಗಲೆಲ್ಲ ಹೊಸ ಗುಮಾಸ್ತ, ಬರುತ್ತಿದ್ದವನು ಯಾರು ಎಂಬ ಅದೇ ಪ್ರಶ್ನೆ. ಅವಳು ಕುರ್ಚಿ ಎಳೆದು ಆರಾಮಾಗಿ ಕೂತು ಹೇಳುತ್ತಾಳೆ:

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಪ್ಪ."