ಫಸ್ಟ್ ಕ್ಲಾಸ್ ಏರಿ

ಜಾರ್ಜಿಯಾದ ಈ ಗುಡ್ಡಗಳಲ್ಲಿ ಕೆರೆಗೊಬ್ಬ ದೊರೆ. ನಮ್ಮ ಕೆರೆಯ ದೊರೆ ನನ್ನ ತಮ್ಮ ವರ್ಲಿನ್. ಏರಿ ಮಾತ್ರ ಅಪ್ಪನದು, ಹೇಸರಗತ್ತೆ ಕಟ್ಟಿ ಮಣ್ಣು ಎಳೆಸಿ ಹಾಕಿದ್ದು. ಸರ್ಕಾರದವರು ಅದನ್ನು ಎರಡನೇ ದರ್ಜೆಗೆ ಸೇರಿಸಿದ್ದಾರೆಂದು ತಿಳಿದಾಗಿನಿಂದ ವರ್ಲಿನ್‌ಗೆ ಹೊಟ್ಟೆಯುರಿ. ಅಪ್ಪನ ಕೆಲಸಕ್ಕೆ ಸೆಕೆಂಡ್ ಕ್ಲಾಸ್ ಕೊಡಲು ಇವರ್ಯಾರು ಎಂದು ಪ್ರತಿ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಪಾದ್ರಿಯ ತಲೆ ತಿನ್ನುತ್ತಿದ್ದ.

ಗಂಡನ ಗೊರಕೆಯನ್ನೂ ಅದರ ಜೊತೆಗೆ ಗಂಡನನ್ನೂ ಬಿಟ್ಟು ನಾನು ವಾಪಸು ಬಂದಾಗ, ನನ್ನ ಗಾಲಿಮನೆಯನ್ನು ಗುಡ್ಡದ ಮೇಲೆ ತಮ್ಮನ ಮನೆ ಪಕ್ಕ ನಿಲ್ಲಿಸೋಣವೆಂದಿದ್ದೆ. ಅದು ಅಡ್ಡ ಬಂದರೆ ತನ್ನ ಕಿಟಕಿಯಿಂದ ಕೆರೆ ಕಾಣುವುದಿಲ್ಲವೆಂದು ಅವನು ಮುಖ ಸಿಂಡರಿಸಿ ಏರಿಯ ಕೆಳಗೆ ಜಾಗ ತೋರಿಸಿದ. ಹಲ್ಲು ಕಚ್ಚಿಕೊಂಡು ಹೂಂ ಅಂದೆ.

ಈ ಸಲ ತಪಾಸಣೆಗೆ ಬಂದವಳು ಪ್ರೆಸ್ನೆಲ್ ಎಂಬ ಹುಡುಗಿ. ಏರಿ ಹತ್ತಿಳಿದು, ಇದು ಒಂದನೇ ದರ್ಜೆಗೆ ಹೋಗಬಹುದು ಅಂದಳು. ತಮ್ಮ ಹಿಗ್ಗಿ ಹೀರೇಕಾಯಿಯಾದ. ಅಂಗಳದಲ್ಲೇ ಬಾಣಲೆಯಿಟ್ಟು ಅವಳಿಗೆಂದು ಮೀನು ಕರಿಯತೊಡಗಿದ.

ಪಾಪ, ಹುಡುಗಿ ಬಿಡಿಸಿ ಹೇಳಿದಳು. ದರ್ಜೆ ಎಂದರೆ ಏರಿಯ ಯೋಗ್ಯತೆಯಲ್ಲ. ಒಡೆದರೆ ಕೆಳಗೆ ಯಾರೂ ಸಾಯುವುದಿಲ್ಲವೆಂದರೆ ಎರಡನೆಯದು, ಸಾಯುತ್ತಾರೆಂದರೆ ಒಂದನೆಯದು. ಒಂದನೆಯದಾದರೆ ಅಪ್ಪ ಏರಿಯ ಮೇಲೆ ನೆಟ್ಟ ಪೈನ್ ಮರಗಳನ್ನು ಬೇರುಸಹಿತ ಕೀಳಿಸಬೇಕು, ತುಕ್ಕು ಹಿಡಿದ ತೂಬು ಬದಲಿಸಬೇಕು, ಏರಿಯನ್ನೇ ಹೊಸದಾಗಿ ಬಲಪಡಿಸಬೇಕು. ಕೈಲಾಗದಿದ್ದರೆ ಏರಿ ಕಡಿದು ನೀರು ಬಿಟ್ಟುಬಿಡಬೇಕು. ವರ್ಲಿನ್‌ಗೆ ಅದೆಲ್ಲ ಕೈಲಾಗುವ ಮಾತೇ ಅಲ್ಲ. ಮೀನು ಸೀದು ಕರಿಯಾಯಿತು.

"ಆ ಗಾಲಿಮನೇಲಿ ಯಾರಿದಾರೆ?" ಹುಡುಗಿ ಕೇಳಿದಳು.

"ಯಾರೂ ಇಲ್ಲ," ಅಂದ ನನ್ನ ತಮ್ಮ.

ತಣ್ಣನೆಯ ಸಿಹಿ ಚಹಾದ ಹೂಜಿ ಹಿಡಿದು ನಾನು ಅವನ ಬೆನ್ನ ಹಿಂದೆಯೇ ನಿಂತಿದ್ದೆ. ಕೆಳಗೆ ಹಗ್ಗದ ಮೇಲೆ ನನ್ನ ಒಳಲಂಗಗಳು ಗಾಳಿಗೆ ಉಬ್ಬಿ ಕುಣಿಯುತ್ತಿದ್ದವು.

"ಮತ್ತೆ ಆ ಬಟ್ಟೆ?"

"ಕಾಗೆ ಬರದಿರ್ಲಿ ಅಂತ."

ಹೂಜಿಯನ್ನು ಅವನ ತಲೆಯ ಮೇಲೇ ಬಗ್ಗಿಸೋಣ ಅನ್ನಿಸಿತು. ಚಿಕ್ಕಂದಿನಲ್ಲಿ ಅವನ ಮೂಗು ಒರೆಸಿದವಳು ನಾನು, ಈಗ ಕಾಗೆಗೂ ಕಡೆ. ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು.

ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು. "ಹಾಗಾದ್ರೆ ಜೋರು ಮಳೆ ಬಂದು ಏರಿ ಬಾಯಿಬಿಟ್ರೆ, ನೀವು ಓಡಿಹೋಗಿ ಯಾರನ್ನೂ ಎಬ್ಬಿಸಬೇಕಾಗಿಲ್ಲ. ಅಲ್ವಾ?"

ವರ್ಲಿನ್ ಕೆರೆಯ ಕಡೆ ನೋಡಿದ, ಅಪ್ಪನ ಮರಗಳ ಕಡೆ ನೋಡಿದ. ಆಮೇಲೆ ತುಂಬ ಹೊತ್ತು ಆ ಲಂಗಗಳನ್ನೇ ನೋಡಿದ.

"ನಮ್ಮಕ್ಕ ಇದಾಳಮ್ಮ," ಅಂದ. "ಕಿವಿ ಬೇರೆ ಮಂದ, ಎಬ್ಬಿಸೋದು ಕಷ್ಟ. ಒಂದನೇ ದರ್ಜೇನೇ ಬರ್ಕೊಳ್ಳಿ."

ನನ್ನ ಕಿವಿ ಮಂದವಾಗಿದ್ದರೆ ಈ ಮಾತು ಕೇಳುತ್ತಿತ್ತೇ? ಲೋಟಕ್ಕೆ ಚಹಾ ಸುರಿದು ಅವನ ಕೈಗಿಟ್ಟೆ.

"ಗಾಲಿಮನೆಗೆ ಗಾಲಿ ಇರೋದು ಯಾಕೋ, ಪೆದ್ದಾ?"

ಮರುದಿನವೇ ಟ್ರ್ಯಾಕ್ಟರಿಗೆ ಕಟ್ಟಿ ನನ್ನ ಮನೆಯನ್ನು ಮೇಲಕ್ಕೆ ಎಳೆದು ತಂದ. ಸಮತಟ್ಟು ಜಾಗ ಇದ್ದದ್ದು ಅವನ ಕಿಟಕಿಯ ಮುಂದೆ ಮಾತ್ರ. ಅಪ್ಪನ ಏರಿ ಈಗಲೂ ಸೆಕೆಂಡ್ ಕ್ಲಾಸೇ. ಚರ್ಚಿನಲ್ಲಿ ಯಾರಾದರೂ ಕೆಣಕಿದರೆ, ಒಡೆದರೂ ನಮ್ಮವರ್ಯಾರೂ ಸಾಯುವುದಿಲ್ಲ ಎಂದು ಎದೆಯುಬ್ಬಿಸುತ್ತಾನೆ. ಕೆರೆ ಮಾತ್ರ ಅವನಿಗೆ ನನ್ನ ಲಂಗಗಳ ಸಂದಿಯಿಂದಷ್ಟೇ ಕಾಣುತ್ತದೆ.