ಒಳಪೆಟ್ಟು

“ಇಳಿಸಿ,” ಎಂದಳು ದರ್ಜಿಯ ಹೆಂಡತಿ. ಗಂಡನ ಚಟ್ಟಕ್ಕೆ ಹೆಗಲು ಕೊಟ್ಟು ಹೊಸ್ತಿಲು ದಾಟುತ್ತಿದ್ದ ನಾಲ್ವರು ಹಾಗೇ ನಿಂತರು.

“ಮತ್ತೇನಕ್ಕಾ? ಹೊತ್ತಾಯ್ತು,” ಎಂದ ಅವಳ ತಮ್ಮ.

“ಪೋಸ್ಟ್‌ಮಾರ್ಟಮ್ ಆಗದೆ ಪರಿಹಾರ ಸಿಗಲ್ಲ ಅಂತ ನಿನ್ನೆಯಿಂದ ಕಿವೀಲಿ ಊದ್ತಿದ್ದೋನು ನೀನೇ ಅಲ್ವೇನೋ?”

“ಕೊಯ್ಯೋಕೆ ಬಿಡಲ್ಲ ಅಂದೋಳು ನೀನೇ ಅಲ್ವಾ?”

“ಅಂದೆ. ಅಲ್ನೋಡು, ಮಗಳು ಅಂಗಡಿ ಬೀಗದಕೈ ಹಿಡ್ಕೊಂಡು ನಿಂತಿದಾಳೆ. ಓದು ಬಿಟ್ಟು ಮಿಷನ್ ತುಳೀತಾಳಂತೆ.”

“ಸತ್ತೋರನ್ನ ಇನ್ನೊಂದ್ಸಲ ಸಾಯಿಸ್ಬೇಡ ಕಣಮ್ಮಾ,” ಎಂದಳು ಪಕ್ಕದ ಮನೆಯಜ್ಜಿ.

“ಇರೋರನ್ನ ಏನ್ಮಾಡ್ಲಿ ಅಜ್ಜಿ?”

ಹಿಂದಿನ ಮೂಲೆಗೆ ಹೆಗಲು ಕೊಟ್ಟಿದ್ದ ಕಾರಿನವನ ಮುಖ ಬಿಳಿಚಿತು.

*

ತಿಂಗಳ ಹಿಂದೆ ಅವನ ಕಾರು ತಿರುವಿನಲ್ಲಿ ಸೈಕಲ್ಲಿಗೆ ತಗುಲಿ, ದರ್ಜಿಯ ತಲೆ ಗೋಡೆಗೆ ಬಡಿದಿತ್ತು. ರಕ್ತ ಬರಲಿಲ್ಲ. ಎತ್ತುವ ಗಡಿಬಿಡಿಯಲ್ಲಿ ಕಾರಿನವನ ಅಂಗಿಯ ತೋಳೇ ಹರಿಯಿತು.

“ಆಸ್ಪತ್ರೆ ಯಾಕೆ ಸ್ವಾಮಿ? ಪೆಟ್ಟಾಗಿರೋದು ನಿಮ್ಮ ಅಂಗಿಗೆ!” ಎಂದು ದರ್ಜಿ ಅವನನ್ನು ಅಂಗಡಿಗೆ ಕರೆದೊಯ್ದು ತೋಳು ಹೊಲಿದುಕೊಟ್ಟ.

ಆಮೇಲೆ ತಲೆನೋವು ಬಂತು. ಕತೆಯ ರಾಕ್ಷಸನ ಹಾಗೆ, ಮೊದಲು ನೊಣದಷ್ಟಾಗಿ, ಬರಬರುತ್ತ ಬೆಟ್ಟದಷ್ಟಾಗಿ. ಒಂದು ದಿನ ಯಾರದೋ ಅಂಗಿಗೆ ಎರಡೂ ಎಡದ ತೋಳನ್ನೇ ಇಟ್ಟು ಹೊಲಿದ. ಹೆಂಡತಿ ತೋರಿಸಿದಾಗ, “ಅವನೂ ಎಡಬಿಡಂಗಿನೇ ಬಿಡೆ, ಸರಿಹೋಗುತ್ತೆ,” ಎಂದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಅದೇ ವಾರ ಮಿಷನ್ ಮೇಲೆ ಕುಸಿದವನು ಏಳಲಿಲ್ಲ.

*

“ತಲೆಗೆ ಪೆಟ್ಟು ಬಿದ್ದಿತ್ತು ಅನ್ನೋಕೆ ಯಾರಿದಾರೆ?” ಆಸ್ಪತ್ರೆಯಲ್ಲಿ ಪೊಲೀಸಿನವನು ಕೇಳಿದ. “ಅವತ್ತು ದೂರಿಲ್ಲ, ಡಾಕ್ಟರ್ ಚೀಟಿಯಿಲ್ಲ. ಈಗ ನೆನಪಾಯ್ತಾ?”

ಹೆಂಡತಿ ಕಾರಿನವನ ಕಡೆ ನೋಡಲೇ ಇಲ್ಲ.

“ನಾನಿದ್ದೆ ಸರ್,” ಎಂದ ಅವನು. “ಕಾರು ನಂದೇ.”

“ಕೇಸು ನಿಮ್ಮ ಮೇಲೇ ಬೀಳುತ್ತೆ, ಗೊತ್ತಾ?”

“ಗೊತ್ತು. ತಲೆ ಬಡಿದ ಸದ್ದು ಕೇಳಿಸಿತ್ತು. ಏನೂ ಆಗಿಲ್ಲ ಅಂದ್ರು ಅವ್ರು. ಬಚಾವಾದೆ ಅಂತ ನಾನೂ ಸುಮ್ನಾದೆ.”

ದೇಹವನ್ನು ಒಳಗೆ ತೆಗೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಮೊಗಸಾಲೆಯಲ್ಲಿದ್ದುದು ಒಂದೇ ಬೆಂಚು. ಅದರ ಈ ತುದಿಗೆ ಅವಳು ಕೂತಳು, ಆ ತುದಿಗೆ ಅವನು. ಸ್ವಲ್ಪ ಹೊತ್ತಿಗೆ ಯಾರೋ ಮುದುಕರೊಬ್ಬರು ಬಂದು ನಡುವೆ ಕೂರಹೊರಟರು.

ಒಳಗೆ ಹೋದವನಿಗೆ ಜಾಗ ಹಿಡಿದಿಟ್ಟವರ ಹಾಗೆ ಇಬ್ಬರೂ ಒಟ್ಟಿಗೇ ಕೈ ಅಡ್ಡ ಚಾಚಿದರು.